ಅತ್ತೆ ತೇಯ್ದ ಇಂಗು

ನನ್ನ ಹತ್ತಿರ ತಿಳಿನೀಲಿ ಬಣ್ಣದ ಒಂದು ಅಂಗಿಯಿದೆ. ಕಾಲರು ಸವೆದಿಲ್ಲ, ಗುಂಡಿ ಕಿತ್ತಿಲ್ಲ, ಇಸ್ತ್ರಿ ಮಾಡಿ ತೊಟ್ಟರೆ ಮದುವೆ ಮನೆಗೂ ನಡೆಯುತ್ತದೆ. ಆದರೆ ಅದರ ಕಾಲರಿನ ಹತ್ತಿರ ಮೂಗು ತಂದರೆ ಸಾರಿನ ಒಗ್ಗರಣೆಯ ವಾಸನೆ. ನನ್ನ ಹೆಂಡತಿ ಮಂಜುಳ ಸೋಪಿನ ಪುಡಿ ಬದಲಾಯಿಸಿ ನೋಡಿದಳು, ನಿಂಬೆಹಣ್ಣು ಉಜ್ಜಿ ನೋಡಿದಳು, ತಾರಸಿಯ ಮೇಲೆ ದಿನವಿಡೀ ಒಣಗಿಸಿ ನೋಡಿದಳು. ವಾಸನೆ ಕದಲಲಿಲ್ಲ. "ಇದನ್ನ ಗಾಡಿ ಒರೆಸೋಕೆ ಇಟ್ಕೊಳ್ರೀ" ಎಂದು ಕೊನೆಗೆ ಕೈ ಚೆಲ್ಲಿದಳು. ನಾನು ಒಪ್ಪಲಿಲ್ಲ.

ಕಳೆದ ವಾರ ಅದನ್ನೇ ತೊಟ್ಟು ಬಾಗಲಗುಂಟೆಯಿಂದ ಪೀಣ್ಯದ ಕಾರ್ಖಾನೆಗೆ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತವರು ಒಂದೆರಡು ಸಲ ಗಾಳಿಯಲ್ಲಿ ಮೂಗೆತ್ತಿ, ನನ್ನ ತೊಡೆಯ ಮೇಲಿದ್ದ ಊಟದ ಚೀಲವನ್ನು ಆಸೆಯಿಂದ ನೋಡಿ, "ಸಾರ್, ಡಬ್ಬೀಲಿ ಪುಳಿಯೋಗರೆನಾ?" ಎಂದರು.

"ಇಲ್ಲ ಸಾರ್, ಚಪಾತಿ, ಹೀರೇಕಾಯಿ ಪಲ್ಯ."

"ಮತ್ತೆ ಇಂಗು ಘಮ್ ಅಂತಿದೆ?"

"ಅದು ಅಂಗೀದು" ಎಂದೆ. ಅವರು ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟು ಖಾಲಿಯಾದಾಗ ಎದ್ದು ಹೋದರು. ಅವರಿಗೆ ಹೇಳದೆ ಉಳಿದ ಕತೆಯನ್ನು ನಿಮಗೆ ಹೇಳುತ್ತಿದ್ದೇನೆ. ನೀವು ಎದ್ದು ಹೋಗುವುದಿಲ್ಲ ಎಂಬ ನಂಬಿಕೆ.

ಹುಳುಹುಪ್ಪಟೆಗಳಿಗೆ ನನ್ನ ಮೇಲೆ ಚಿಕ್ಕಂದಿನಿಂದಲೂ ವಿಶೇಷ ಪ್ರೀತಿ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ನಾವು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಹಿತ್ತಲಿನ ನುಗ್ಗೆಮರದ ಕೆಳಗೆ ಆಡಿದವರು ಹತ್ತಾರು ಹುಡುಗರಾದರೂ ಕಂಬಳಿಹುಳು ಬೀಳುತ್ತಿದ್ದುದು ನನ್ನ ಬೆನ್ನಿಗೇ. ಅಮ್ಮ ಹಳೆಯ ಕಂಬಳಿಯೊಂದನ್ನು ತಂದು, ಕಂಬಳಿಹುಳುವಿನ ರೋಮಕ್ಕೆ ಕಂಬಳಿಯೇ ಮದ್ದೆಂದು ಚರ್ಮ ಕಿತ್ತು ಬರುವಂತೆ ಉಜ್ಜುತ್ತಿದ್ದಳು. ಅಪ್ಪನ ನಂಬಿಕೆಯೆಲ್ಲ ಕಬ್ಬಿಣದ ಮೇಲೆ. ಜೇನು ಕುಟುಕಲಿ, ಗೊದ್ದ ಕಚ್ಚಲಿ, ಬೀಗದಕೈ ತೆಗೆದು ಆ ಜಾಗಕ್ಕೆ ತಿಕ್ಕುವುದು. ನಾನು ಕೆಲಸಕ್ಕೆ ಸೇರಿದ ಮೇಲೆ ನೋಡಿದರೆ ಪೀಣ್ಯದ ತುಂಬ ಇಂಥ ವೈದ್ಯರೇ. ಧರ್ಮಪುರಿ ಕಡೆಯ ಫಿಟ್ಟರು ಸುಣ್ಣ ಎನ್ನುತ್ತಾನೆ, ಲೇತ್ ಮೆಷಿನ್ನಿನ ಹಿರಿಯರು ಗ್ರೀಸ್ ಎನ್ನುತ್ತಾರೆ, ಕ್ಯಾಂಟೀನಿನವರು ಈರುಳ್ಳಿ ಕೊಯ್ದು ಕೊಡುತ್ತಾರೆ. ನಾನಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವವನು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ತುಂಡನ್ನು ವಾಪಸು ಕಳಿಸುತ್ತೇನೆ. ಆದರೆ ಕೆಂಜಿಗ ಕಚ್ಚಿದಾಗ ಮಾತ್ರ ಯಾರು ಏನು ಕೊಟ್ಟರೂ ಪರೀಕ್ಷೆಯಿಲ್ಲದೆ ಹಚ್ಚಿಕೊಂಡುಬಿಡುತ್ತೇನೆ.

ಈ ಎಲ್ಲ ಮದ್ದುಗಳ ಮೇಲೆ ಬಂದು ಕೂತದ್ದು ನನ್ನ ಅತ್ತೆಯ ಇಂಗು.

ಮಂಜುಳಳ ತಾಯಿಯ ಊರು ವೈಟ್‌ಫೀಲ್ಡ್ ಕಡೆಯ ಪಟ್ಟಂದೂರು ಅಗ್ರಹಾರ. ಈಗ ಅಲ್ಲಿ ಐಟಿ ಪಾರ್ಕಿನ ಗಾಜಿನ ಕಟ್ಟಡಗಳ ನೆರಳು ಮಧ್ಯಾಹ್ನಕ್ಕೇ ಬೀದಿಗೆ ಬೀಳುತ್ತದೆ. ಅತ್ತೆ ತಮ್ಮ ಮನೆಯ ಮೇಲೆ ಎರಡು ಅಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿದ್ದ ಹುಡುಗ ಹುಡುಗಿಯರಿಗೆ ಅವರು ಮನೆಯ ಒಡತಿ ಮಾತ್ರವಲ್ಲ, ತುರ್ತುಚಿಕಿತ್ಸೆಯ ವಿಭಾಗವೂ ಆಗಿದ್ದರು. ಯಾರಿಗೆ ಏನೇ ಕಚ್ಚಲಿ, ಅಡುಗೆಮನೆಯ ಗೂಡಿನಿಂದ ಗಾಜಿನ ಬಾಟಲಿ ಇಳಿಯುತ್ತಿತ್ತು. ಅದರೊಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ಪೇಪರು, ಪೇಪರಿನೊಳಗೆ ಹಳೇಬೆಲ್ಲದ ಬಣ್ಣದ ಒಂದು ಗಟ್ಟಿ. ನೀವು ನಾವು ತರುವ ಡಬ್ಬಿಯ ಪುಡಿಯಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಬೆರಳಿನಿಂದ ಒತ್ತಿ, ಅಂಟುತ್ತದೆಯೋ ಇಲ್ಲವೋ ನೋಡಿ ಕೊಳ್ಳುವ ಗಟ್ಟಿ ಇಂಗು. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ತೇಯ್ದರೆ ಹಾಲಿನಂಥ ಲೇಪ ಬರುತ್ತದೆ. ಜೊತೆಗೆ ಬೀದಿಯ ಕೊನೆಯವರೆಗೂ ವಾಸನೆ ಬರುತ್ತದೆ.

ಒಡಿಶಾದ ಹುಡುಗಿಯೊಬ್ಬಳ ಕೈಗೆ ಒಮ್ಮೆ ಏನೋ ಕಚ್ಚಿ ಬಾತುಕೊಂಡಿತ್ತಂತೆ. ಅವಳಿಗೆ ಕನ್ನಡ ಬಾರದು, ಅತ್ತೆಗೆ ಬೇರೇನೂ ಬಾರದು. ಅತ್ತೆ ಲೇಪ ಹಚ್ಚಿದರು. ಹುಡುಗಿ ಗಾಬರಿಯಿಂದ ತನ್ನ ತಾಯಿಗೆ ವಿಡಿಯೋ ಕರೆ ಮಾಡಿ ಸಾಣೆಕಲ್ಲು ತೋರಿಸಿದಳು. ಆ ತಾಯಿ ಪರದೆಯೊಳಗಿಂದ "ಹಿಂಗ್! ಹಿಂಗ್!" ಎಂದು ಚಪ್ಪಾಳೆ ತಟ್ಟಿ ನಕ್ಕರಂತೆ. ಅಂದಿನಿಂದ ಅತ್ತೆ ತಮಗೆ ಹಿಂದಿ ಬರುತ್ತದೆ ಎಂದೇ ತಿಳಿದಿದ್ದಾರೆ.

ಈ ಇಂಗು ಮೂಲದಲ್ಲಿ ಒಂದು ಗಿಡದ ಬೇರಿನ ಹಾಲು ಎಂಬುದು ನನಗೆ ಬಹಳ ದಿನ ಗೊತ್ತಿರಲಿಲ್ಲ. ದೂರದ ಚಳಿಯ ನಾಡಿನಲ್ಲಿ ಬೇರು ಕೊಯ್ದಲ್ಲಿ ಒಸರುವ ಹಾಲು ಒಣಗಿ ಅಂಟಾಗುತ್ತದಂತೆ. ಅತ್ತೆ ಮಂಜುಳಳಿಗೆ ಇದನ್ನು ವಿವರಿಸುತ್ತಿದ್ದಾಗ ಹಜಾರದಿಂದ ಕೇಳಿಸಿಕೊಂಡಿದ್ದೆ: "ಗಿಡಕ್ಕೆ ಗಾಯ ಆದ್ರೆ ಡಾಕ್ಟ್ರ ತಾವ ಓಯ್ತದಾ? ತಂಗೆ ತಾನೇ ಅಂಟು ಸುರ್ಸ್ಕಂಡು ಮುಚ್ಕತದೆ. ಅದ್ರ ಗಾಯಕ್ಕಾದ್ದು ನಮ್ ಗಾಯಕ್ಕಾಗಲ್ವಾ?"

ಹಜಾರದಿಂದ ಕೇಳಿಸಿಕೊಂಡೆ ಎಂದೆನಲ್ಲ, ಅದಕ್ಕೆ ಕಾರಣವಿದೆ. ಅತ್ತೆ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಜಗಳವಲ್ಲ, ಮರ್ಯಾದೆ. ಅಳಿಯನ ಎದುರು ಕೂರಬಾರದು, ಮುಖ ಕೊಟ್ಟು ಮಾತಾಡಬಾರದು, ಹೆಸರು ಹಿಡಿಯಬಾರದು ಎಂಬುದು ಅವರು ಹುಟ್ಟಿದ ಮನೆಯ ಪದ್ಧತಿ. ನನ್ನ ಹೆಸರು ಮುನಿರಾಜು. ಹಾಗಾಗಿ ಮುನೇಶ್ವರನ ಗುಡಿಗೆ ಹೋಗುವಾಗಲೂ ಅವರು "ಆ ದೇವ್ರ ಗುಡಿಗೋಗ್ಬತ್ತೀನಿ" ಎನ್ನುತ್ತಿದ್ದರು. ಅವರ ಮಗ ಹಳೇಮನೆ ಕೆಡವಿ ದೊಡ್ಡದಾಗಿ ಕಟ್ಟಿಸಲು ಹೊರಟಾಗ, ಅದು ಮುಗಿಯುವವರೆಗೆಂದು ನಮ್ಮ ಮನೆಗೆ ಬಂದರು. ಸಾಣೆಕಲ್ಲು, ಗಾಜಿನ ಬಾಟಲಿ, ಈ ಪದ್ಧತಿ, ಮೂರೂ ಜೊತೆಗೆ ಬಂದವು.

ಒಂದೇ ಮನೆಯಲ್ಲಿ ಮಾತಿಲ್ಲದೆ ಬದುಕುವುದು ಅಷ್ಟು ಸುಲಭವಲ್ಲ. ಮಂಜುಳ ಇದ್ದಾಗ ಅವಳೇ ನಮ್ಮ ನಡುವಿನ ತಂತಿ. "ಅವ್ರಿಗೆ ಇನ್ನೊಂದು ದೋಸೆ ಬೇಕಾ ಕೇಳು" ಎನ್ನುವರು, ನಾನು ಎರಡು ಮಾರು ದೂರದಲ್ಲಿ ಕೂತಿರುವಾಗಲೇ. ಒಂದು ಸಂಜೆ ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದೆ. ಮಂಜುಳ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ರೀ, ನಿಮ್ಮ ಎಡಗಾಲ ಹತ್ರ ಕಂಬಳಿಹುಳ ಇದೆಯಂತೆ, ನೋಡಿ."

"ನಿನಗೆ ಹೇಗೆ ಗೊತ್ತು?"

"ಅಮ್ಮ ಕಿಟಕೀಲಿ ನಿಂತು ನೋಡಿ ನಂಗೆ ಫೋನ್ ಮಾಡಿದ್ಳು."

ಅಷ್ಟರಲ್ಲಿ ಹುಳು ಮೊಣಕಾಲು ತಲುಪಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಒಂದು ಕೈ ಹೊರಬಂದು, ತೇಯ್ದ ಇಂಗಿನ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋಯಿತು. ನಾನೇ ಹಚ್ಚಿಕೊಂಡೆ. ಉರಿ ಇಳಿದದ್ದು ಇಂಗಿನಿಂದಲೋ ಹೊತ್ತು ಕಳೆದದ್ದರಿಂದಲೋ ಹೇಳಲಾರೆ. ಆದರೆ ಹಚ್ಚಿದಾಗ ತಂಪೆನಿಸಿದ್ದು ನಿಜ.

ಇನ್ನು ಆ ಅಂಗಿಯ ವಿಷಯ.

ಅವರೆಕಾಯಿಯ ಕಾಲ. ಭಾನುವಾರ ಬೆಳಗ್ಗೆ ಮಂಜುಳ ಚಿಕ್ಕಪ್ಪನ ಮಗಳ ಸೀಮಂತಕ್ಕೆಂದು ತುಮಕೂರಿಗೆ ಹೋಗಿದ್ದಳು. ನಾನೂ ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಹೇಳಿ, ಸ್ನಾನ ಮುಗಿಸಿ, ಹೊಸ ತಿಳಿನೀಲಿ ಅಂಗಿ ತೊಟ್ಟಿದ್ದೆ. ಹೊರಡುವ ಮುಂಚೆ ತಾರಸಿಯ ಟ್ಯಾಂಕಿಗೆ ನೀರು ಹತ್ತಿದೆಯೋ ನೋಡಿಬಿಡೋಣವೆಂಬ ದುರ್ಬುದ್ಧಿ ಬಂತು. ಮುಚ್ಚಳ ಎತ್ತಿದೆ. ಅದರ ಕೆಳಗೆ ಕಡಜ ಗೂಡು ಕಟ್ಟಿತ್ತು. ಮೊದಲನೆಯದು ಹುಬ್ಬಿಗೆ ಕುಟುಕಿದ್ದು ಗೊತ್ತಾಯಿತು, ಆಮೇಲೆ ಕಿವಿ, ಕತ್ತಿನ ಹಿಂಭಾಗ, ಕೈ. ಉಳಿದವು ಲೆಕ್ಕಕ್ಕೆ ಸಿಗಲಿಲ್ಲ. ಮೆಟ್ಟಿಲು ಇಳಿದೆನೋ ಉರುಳಿದೆನೋ, ಅಂತೂ ಹಜಾರಕ್ಕೆ ಬಂದು ಬಿದ್ದೆ.

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, ನೋಡಿ, ಸರ್ರನೆ ಒಳಗೆ ಹೋದರು. ಸಾಣೆಕಲ್ಲಿನ ಸದ್ದು ಕೇಳಿಸಿತು. ಬಟ್ಟಲು ಎಂದಿನಂತೆ ಸ್ಟೂಲಿನ ಮೇಲೆ ಬಂತು. ಆದರೆ ನನ್ನ ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು, ಕೈ ನಡುಗುತ್ತಿತ್ತು. ಹುಬ್ಬಿಗೆಂದು ತೆಗೆದ ಲೇಪ ತಲೆಗೂದಲಿಗೆ ಹೋಯಿತು, ಕತ್ತಿಗೆಂದು ಹಚ್ಚಿದ್ದು ಕಾಲರಿಗೆ. ಅತ್ತೆ ಬಾಗಿಲಲ್ಲಿ ನಿಂತು ಮಗಳಿಗೆ ಫೋನು ಹಚ್ಚಿದರು. ತುಮಕೂರಿನ ಛತ್ರದಲ್ಲಿ ವಾಲಗದ ನಡುವೆ ಅವಳಿಗೆ ಕೇಳಿಸುವುದಾದರೂ ಹೇಗೆ? ಮತ್ತೆ ಹಚ್ಚಿದರು. ಆಮೇಲೆ ಗೋಡೆಗೆ ಹೇಳುವಂತೆ, "ಕತ್ತಿನ್ ಇಂದೆ ಅದೆ ಗಾಯ. ಅಂಗಿಗೆ ಅಚ್ಚುದ್ರೆ ಏನ್ ಬಂತು?" ಎಂದರು.

ನಾನು ಮತ್ತೆ ತಡಕಿದೆ. ಮತ್ತೆ ತಪ್ಪಿತು.

ಅತ್ತೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಬಂದರು. ಮುಖವನ್ನು ಅತ್ತ ತಿರುಗಿಸಿ ನಿಂತು, ಬೆರಳ ತುದಿಯಲ್ಲಿ ಲೇಪ ತೆಗೆದು, ಕತ್ತಿನ ಮೇಲೆ ಇಟ್ಟರು. ನಮ್ಮ ಮದುವೆಯಾದಂದಿನಿಂದ ಅವರ ಕೈ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಒರಟು ಬೆರಳು, ಆದರೆ ಹಚ್ಚುವ ರೀತಿ ಹಗುರ. ನಾನು ಉಸಿರು ಬಿಗಿಹಿಡಿದು ಕೂತೆ. ನಾಚಿಕೆಯಿಂದ ಬಿಗಿಹಿಡಿದಿದ್ದೇನೆ ಎಂದುಕೊಂಡೆ. ಬಿಡೋಣವೆಂದರೆ ಉಸಿರು ಸರಿಯಾಗಿ ಬರಲಿಲ್ಲ.

ಅಂಗೈ ಅಂಗಾಲು ತುರಿಸತೊಡಗಿದವು. ಹೊಟ್ಟೆಯ ಮೇಲೆ, ತೋಳಿನ ಮೇಲೆ ಕೆಂಪು ದದ್ದು ಎದ್ದವು. ಅಲ್ಲೆಲ್ಲ ಕಡಜ ಕುಟುಕಿಯೇ ಇರಲಿಲ್ಲ. ನಾಲಿಗೆ ದಪ್ಪಗಾದಂತೆ, ಗಂಟಲಿಗೆ ಯಾರೋ ಹಗ್ಗ ಬಿಗಿದಂತೆ. "ನೀರು" ಎಂದೆ. ದನಿ ನನ್ನದಾಗಿರಲಿಲ್ಲ.

ಅತ್ತೆ ತಿರುಗಿ ನನ್ನ ಮುಖವನ್ನು ನೇರವಾಗಿ ನೋಡಿದರು. ಬಟ್ಟಲು ಅವರ ಕೈಯಿಂದ ಬಿತ್ತು.

"ಇದು ಇಂಗಿನ್ ಕೆಲ್ಸ ಅಲ್ಲ" ಎಂದರು. "ಏಳು. ಏಳೋ ಮ್ಯಾಕೆ!"

ಯಾರನ್ನು ಕರೆಯುತ್ತಿದ್ದಾರೆಂದು ತಿಳಿಯದೆ ನಾನು ಸುತ್ತ ನೋಡಿದೆ. ಅಷ್ಟರಲ್ಲಿ ನನ್ನ ತೋಳು ಅವರ ಹೆಗಲ ಮೇಲಿತ್ತು. ಎಪ್ಪತ್ತು ದಾಟಿದ ಆ ಸಣಕಲು ಹೆಂಗಸು ನನ್ನಂಥ ದಪ್ಪ ಆಸಾಮಿಯನ್ನು ಬೀದಿಯವರೆಗೆ ಹೇಗೆ ತಂದರೋ ನನಗಿಂದಿಗೂ ತಿಳಿಯದು. ಚಪ್ಪಲಿಯಿಲ್ಲ, ಬಾಗಿಲು ಹಾಕಿರಲಿಲ್ಲ, ತಲೆಯ ಮೇಲಿನ ಸೆರಗು ಎಲ್ಲೋ. ಎದುರಿಗೆ ಬಂದ ಆಟೋಗೆ ಅಡ್ಡ ನಿಂತುಬಿಟ್ಟರು.

"ಯಾವ ಆಸ್ಪತ್ರೆಗಮ್ಮಾ?"

"ಅತ್ರ ಯಾವ್ದೋ ಅದುಕ್ಕೆ. ಸೂಜಿ ಚುಚ್ಚೋರು ಇರ್ಬೇಕು, ಅಷ್ಟೇಯ."

ಡ್ರೈವರ್ ಒಳ್ಳೆಯ ಮನುಷ್ಯ. ಗಾಡಿ ತಿರುಗಿಸುತ್ತಾ ಸಮಾಧಾನ ಹೇಳಿದ: "ಏನ್ ಹುಳ ಕಚ್ತಮ್ಮಾ? ಆಗ್ಲೇ ಇಂಗು ಹಚ್ಚಿದೀರಲ್ಲ, ವಾಸ್ನೆ ಬರ್ತಿದೆ. ನಮ್ಮಜ್ಜೀನೂ ಅದೇ ಹಚ್ತಿತ್ತು. ಇಳಿಯತ್ತೆ ಬಿಡಿ."

"ನಿನ್ ಇಂಗು ಮಣ್ಣಾಗೋಗ್ಲಿ, ಗಾಡಿ ಓಡ್ಸೋ!" ಎಂದು ಅತ್ತೆ ಕಿರುಚಿದರು.

ಅಷ್ಟು ಹೊತ್ತಿಗೆ ನನಗೆ ಹಿತವಾಗಿ ನಿದ್ದೆ ಬರುತ್ತಿತ್ತು. ಬೀದಿ, ಬೋರ್ಡು, ಬಿಸಿಲು ಎಲ್ಲ ದೂರ ಸರಿಯುತ್ತಿದ್ದವು. ಆಗ ಕೆನ್ನೆಗೆ ಫಟಾರನೆ ಒಂದು ಬಿತ್ತು.

"ಏ ಮುನಿಯಾ! ಕಣ್ ಬಿಡೋ! ಮಲಗ್ಬ್ಯಾಡ ಕಣೋ, ನನ್ ನೋಡು. ನೋಡೋ ಇಲ್ಲಿ!"

ನನ್ನನ್ನು ಮುನಿಯ ಎಂದು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಅವಳು ಹೋದ ಮೇಲೆ ಆ ಹೆಸರೂ ಹೋಗಿತ್ತು. ನಾನು ಕಣ್ಣು ಬಿಟ್ಟೆ. ಮುಚ್ಚಿತೆಂದರೆ ಇನ್ನೊಂದು ಏಟು. ಹೀಗೆ ಹೊಡೆತ ತಿನ್ನುತ್ತಲೇ ಆಸ್ಪತ್ರೆ ತಲುಪಿದೆ.

ಅಲ್ಲಿ ತೊಡೆಗೆ ಸೂಜಿ ಚುಚ್ಚಿದ್ದು, ಮೂಗಿಗೆ ಆಮ್ಲಜನಕ ಇಟ್ಟದ್ದು, ಕೈಗೆ ಡ್ರಿಪ್ ಹಾಕಿದ್ದು ಮಸುಕಾಗಿ ನೆನಪಿದೆ. ಎದೆ ಢವಗುಟ್ಟಿತು, ಕೈಕಾಲು ನಡುಗಿದವು, ಆಮೇಲೆ ಗಂಟಲಿನ ಹಗ್ಗ ನಿಧಾನಕ್ಕೆ ಸಡಿಲವಾಯಿತು. ಉಸಿರಾಡುವುದು ಇಷ್ಟು ರುಚಿಯಾದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ವಾರ್ಡಿನ ತುಂಬ ಒಗ್ಗರಣೆಯ ವಾಸನೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹತ್ತಿಯಿಂದ ನನ್ನ ಕತ್ತು ಒರೆಸುತ್ತಾ ಅತ್ತೆಯತ್ತ ತಿರುಗಿದರು.

"ಅಜ್ಜಿ, ಏನ್ ಹಚ್ಚಿದೀರಿ ಇದು?"

ಬೈಗುಳ ಕಾದವರಂತೆ ಅತ್ತೆ ತಲೆ ತಗ್ಗಿಸಿದರು. "ಇಂಗು ಕಣಮ್ಮ."

"ಒಂದು ಕುಟುಕಿ ಅಲ್ಲಲ್ಲೇ ಊದಿಕೊಂಡ್ರೆ ಹಚ್ಕೊಳ್ಳಿ, ಯಾರು ಬೇಡ ಅಂದ್ರು. ಇವರಿಗೆ ಮೈಯೆಲ್ಲ ಏರಿತ್ತು. ಇಳಿಯತ್ತೆ ಅಂತ ಮನೇಲಿ ಕಾಯ್ತಾ ಕೂತಿದ್ರೆ ಕಷ್ಟ ಆಗೋದು. ನೀವು ಕೂರ್ಲಿಲ್ಲ."

ಅತ್ತೆ ನನ್ನ ಮಂಚದ ಕಾಲ ಬಳಿ ನಿಂತೇ ಇದ್ದರು. ಮಧ್ಯಾಹ್ನ ದಾಟಿದ ಮೇಲೆ ಮಂಜುಳ ಓಡಿಬಂದಳು, ಕೈತುಂಬ ಸೀಮಂತದ ಹಸಿರು ಬಳೆ, ಕಣ್ಣುತುಂಬ ನೀರು. ಅವಳನ್ನು ನೋಡಿದ್ದೇ ತಡ, ಅತ್ತೆ ಸೆರಗು ತಲೆಗೆಳೆದುಕೊಂಡು ವಾರ್ಡಿನಿಂದ ಹೊರಗೆ ಹೋಗಿ ಕೂತರು.

ರಾತ್ರಿ ಅಲ್ಲೇ ಇರಿಸಿಕೊಂಡು ಮರುದಿನ ಮನೆಗೆ ಕಳಿಸಿದರು. ಇನ್ನು ಮನೆಯಲ್ಲಿ ಮಾತುಕತೆ ಶುರುವಾಗುತ್ತದೆ, ಸಾವಿನ ಬಾಯಿಂದ ಎಳೆದು ತಂದವರಿಗೆ ಇನ್ನೆಂಥ ಮುಸುಕು ಎಂದುಕೊಂಡಿದ್ದೆ. ಆದದ್ದು ಬೇರೆ. ಅತ್ತೆ ನನ್ನ ಕಣ್ಣಿಗೇ ಬೀಳಲಿಲ್ಲ. ಮೊದಲಾದರೂ ಬಾಗಿಲ ಸಂದಿಯಿಂದ ಕೈ ಕಾಣುತ್ತಿತ್ತು, ಈಗ ಅದೂ ಇಲ್ಲ. ಅದರ ಮರುದಿನ ಮಂಜುಳ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು.

"ಅಮ್ಮ ಪಟ್ಟಂದೂರಿಗೆ ಹೊರಟಿದಾಳೆ. ಅಲ್ಲಿ ಮನೆ ಕೆಲ್ಸ ಇನ್ನೂ ಮುಗ್ದಿಲ್ಲ, ಆದ್ರೂ ಒಂದು ರೂಮಿದೆಯಲ್ಲ ಸಾಕು ಅಂತಾಳೆ. ಬ್ಯಾಗು ಕಟ್ಟಿಟ್ಟಿದಾಳೆ."

"ಯಾಕೆ? ಏನಾಯ್ತು?"

"ಅಳಿಯನಿಗೆ ಕೈ ಮಾಡಿದಳಂತೆ. ಬೀದೀಲಿ ಏಕವಚನದಲ್ಲಿ ಕೂಗಿದಳಂತೆ. ಇನ್ನು ಯಾವ ಮುಖ ಇಟ್ಕೊಂಡು ಈ ಮನೇಲಿರಲಿ ಅಂತ."

"ಸಕ್ಕತ್ತಾಗೇ ಹೊಡೆದ್ರು ಕಣೇ" ಎಂದು ಕೆನ್ನೆ ಸವರಿಕೊಂಡೆ.

"ನಗಬೇಡಿ. ಅಳ್ತಾ ಕೂತಿದಾಳೆ. ನಾನು ಹೇಳಿದ್ದು ಒಂದೂ ಕೇಳ್ತಿಲ್ಲ. ನೀವೇ ಏನಾದ್ರೂ ಮಾಡಿ." ಇಷ್ಟು ಹೇಳಿ ಹಾಲು ತರುವ ನೆಪದಲ್ಲಿ ಅಂಗಡಿಗೆ ಹೋಗಿಬಿಟ್ಟಳು.

ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅತ್ತೆ ನೆಲದ ಮೇಲೆ ಅವರೆಕಾಯಿ ರಾಶಿ ಸುರಿದುಕೊಂಡು ಸುಲಿಯುತ್ತಿದ್ದರು. ಊರಿಗೆ ಹೊರಟವರು ನಮಗೆ ಸಾರಿಗೆಂದು ಕಾಳು ಬಿಡಿಸಿಟ್ಟು ಹೋಗುವ ಏರ್ಪಾಡು. ನನ್ನನ್ನು ಕಂಡು ಏಳಹೋದರು. ಅವರು ಎದ್ದರೆ ಮಾತು ಮುಗಿಯಿತೆಂದು ನಾನೇ ತಟ್ಟನೆ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತೆ. ಅವರಿಗೆ ದಾರಿಯಿಲ್ಲದಂತಾಯಿತು. ಗೋಡೆಯ ಕಡೆ ತಿರುಗಿ ಕೂತು ಸುಲಿಯತೊಡಗಿದರು. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ.

ಏನು ಹೇಳಬೇಕೆಂದು ನಾನು ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ.

"ಅತ್ತೆ, ಅವತ್ತು ಇಂಗಿನ ಕೆಲಸ ಅಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವರ ಕೈ ನಿಂತಿತು. ಉತ್ತರ ಬಂತು, ಗೋಡೆಗೆ ಅಲ್ಲ, ಮಡಿಲಲ್ಲಿದ್ದ ಕಾಳಿಗೆ ಹೇಳುವಂತೆ.

"ನಮ್ಮಣ್ಣ ಒಬ್ಬ ಇದ್ದ. ಕೆರೆ ಏರಿ ಮ್ಯಾಗ್ಲ ಉಣ್ಸೆಮರಕ್ಕೆ ಅತ್ತಿದ್ದ. ಎಜ್ಜೇನು ಎದ್ಬುಡ್ತು. ಮನೆಗ್ ಎತ್ಕಂಡ್ ಬಂದ್ರು. ಇಂಗ್ ತೇಯಿ ಅಂದ್ರು ನಂಗೆ. ನಾನಿನ್ನೂ ಲಂಗ ಆಕ್ಕಳೋ ಉಡ್ಗಿ. ತೇಯ್ದೆ. ಮೈಗೆಲ್ಲ ಬಳುದ್ರು. ಇನ್ನೂ ತೇಯಿ ಅಂದ್ರು. ಅವನ್ಗೂ ಇದೇ ತರ ಗಂಟ್ಲು ಕಟ್ಕಂತು, ಇದೇ ತರ ಮಾತು ದಪ್ಪ ಆತು. ದೊಡ್ಡೋರೆಲ್ಲ ಸುತ್ತ ಕುಂತು ಇಳೀತದೆ ಇಳೀತದೆ ಅಂದ್ರು. ಗಾಡಿ ಕಟ್ರೀ ಅಂತ ಒಬ್ರೂ ಅನ್ಲಿಲ್ಲ."

ಅವರು ಮೂಗನ್ನು ಸೆರಗಿನಿಂದ ಒತ್ತಿಕೊಂಡರು. ಆ ಅಣ್ಣ ಏನಾದನೆಂದು ನಾನು ಕೇಳಲಿಲ್ಲ.

"ಅಂಗಾದ್ಮ್ಯಾಗೂ ಇಂಗು ಬಿಡ್ಲಿಲ್ವಲ್ಲ ನೀವು?" ಎಂದೆ, ಮೆಲ್ಲಗೆ. ಅವರ ಭಾಷೆ ನನ್ನ ಬಾಯಿಗೂ ಅಂಟಿತ್ತು.

"ಇಂಗು ಏನ್ ಮಾಡ್ತು ಪಾಪ. ಅದು ಚಿಕ್ಕದುಕ್ಕೆ ಇರೋ ಮದ್ದು. ತಪ್ಪು ಕುಂತೋರ್ದು." ಇನ್ನೊಂದು ಕಾಯಿ ಬಿಚ್ಚುತ್ತಾ ಹೇಳಿದರು: "ಗಾಡಿ ಕಟ್ರೀ ಅಂತ ನಾನಾದ್ರೂ ಅನ್ಬೌದಾಗಿತ್ತು. ದೊಡ್ಡೋರ್ ಮುಂದೆ ಮಾತಾಡೋಕೆ ಅವತ್ತು ನಂಗ್ ಬಾಯಿರ್ಲಿಲ್ಲ. ಮೊನ್ನೆ ಬಂತು."

ನಾನು ಕೈಯಲ್ಲಿದ್ದ ಕಾಯಿಗಳನ್ನು ಕೆಳಗಿಟ್ಟೆ.

"ಬಂದ ಬಾಯನ್ನ ಮತ್ತೆ ಮುಚ್ಕೋಬೇಡಿ ಅತ್ತೆ" ಎಂದೆ. "ಮುನಿಯ ಅಂತ ಕರೆಯೋರು ನಂಗೆ ಇನ್ಯಾರೂ ಇಲ್ಲ. ಊರಿಗೆ ಹೋಗ್ಬೇಡಿ."

ಅವರು ಕಣ್ಣೊರೆಸಿಕೊಂಡು ಸುಲಿಯುತ್ತಲೇ ಹೋದರು. ಗೋಡೆಯತ್ತ ತಿರುಗಿದ್ದ ಮೊಣಕಾಲು ಯಾವಾಗಲೋ ಇತ್ತ ತಿರುಗಿತ್ತು. ನಾನು ಒಂದು ಕಾಯಿ ಬಿಚ್ಚಿ ಕಾಳನ್ನು ಪಾತ್ರೆಗೆ ಹಾಕಹೋದೆ.

"ಥೂ, ಅದ್ರಾಗೆ ಉಳ ಅದೆ" ಎಂದರು ಅತ್ತೆ, ನನ್ನ ಕೈಯನ್ನೇ ನೋಡುತ್ತಾ. "ಕಣ್ ಬಿಟ್ಟು ನೋಡಿ ಸುಲಿಯೋ."

ನಾನು ಅದನ್ನು ಆಚೆಗೆಸೆದು ಇನ್ನೊಂದು ಹಿಡಿ ಕಾಯಿ ಬಾಚಿಕೊಂಡೆ.